ಕಡಿದ ಬರೆ, ಅಗೆದ ಕಂದಕ: ಮಳೆಗಾಲಕ್ಕೆ ಮುನ್ನ ಗ್ರಾಮ ಪಂಚಾಯತ್ ವಹಿಸಬೇಕಾದ ಹೊಣೆ

(ದಕ್ಷಿಣ ಕನ್ನಡ ಜಿಲ್ಲೆಯ ಗ್ರಾಮ ಪಂಚಾಯತ್ ಸದಸ್ಯರ ಮುಂಗಾರು ಪೂರ್ವ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಮಣ್ಣಿನ ಇಳಿಜಾರು ಮತ್ತು ಅಗೆತಗಳನ್ನು ಭದ್ರಪಡಿಸುವ ವಿಷಯದ ಕುರಿತು ಮಾತನಾಡಬೇಕೆಂದು ನನಗೆ ಸೂಚಿಸಲಾಗಿದೆ. ಇದು ಎಂಜಿನಿಯರುಗಳಿಗೆ ಸಂಬಂಧಿಸಿದ ವಿಷಯ, ಚುನಾಯಿತ ಪ್ರತಿನಿಧಿಗಳಿಗೆ ಇದರಲ್ಲಿ ಕೆಲಸವೇನು ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡುವುದು ಸಹಜ. ಆದರೆ ಗುಡ್ಡವನ್ನು ಕಡಿದು ಮನೆ ಕಟ್ಟಲು ಅನುಮತಿ ನೀಡುವುದು ಗ್ರಾಮ ಪಂಚಾಯತ್. ಕುಡಿಯುವ ನೀರಿನ ಕೊಳವೆಗೆ ಕಂದಕ ಅಗೆಯುವ ಕಾಮಗಾರಿಗೆ ಸ್ಥಳ ತೋರಿಸುವುದೂ ಗ್ರಾಮ ಪಂಚಾಯತ್. ಬರೆ ಜರಿದಾಗ ರಾತ್ರಿ ಎರಡು ಗಂಟೆಗೆ ಮೊದಲ ದೂರವಾಣಿ ಕರೆ ಬರುವುದು ವಾರ್ಡ್ ಸದಸ್ಯರಿಗೆ. ಆದ್ದರಿಂದ ಈ ವಿಷಯದ ಮೂಲತತ್ತ್ವಗಳನ್ನು ನೀವು ಅರಿತಿರುವುದು ಅಗತ್ಯವೆಂದು ಭಾವಿಸುತ್ತೇನೆ.

2024ರ ಮುಂಗಾರಿನ ಮೂರು ಘಟನೆಗಳನ್ನು ನೆನಪಿಗೆ ತಂದುಕೊಳ್ಳೋಣ. ಜೂನ್ 26ರಂದು ಉಳ್ಳಾಲದ ಸಮೀಪದ ಮುನ್ನೂರಿನಲ್ಲಿ ಪಕ್ಕದ ಮನೆಯ ಆವರಣ ಗೋಡೆ ಕುಸಿದು ಒಂದೇ ಕುಟುಂಬದ ನಾಲ್ವರು ನಿದ್ರೆಯಲ್ಲಿಯೇ ಪ್ರಾಣ ಕಳೆದುಕೊಂಡರು. ಜುಲೈ 3ರಂದು ಮಂಗಳೂರಿನ ಬಲ್ಮಠದಲ್ಲಿ ಕಟ್ಟಡಕ್ಕಾಗಿ ಅಗೆದ ಸ್ಥಳದಲ್ಲಿ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಲುಕಿದರು. ಒಬ್ಬರನ್ನು ಜೀವಂತವಾಗಿ ಹೊರತೆಗೆಯಲಾಯಿತು, ಇನ್ನೊಬ್ಬರು ಉಳಿಯಲಿಲ್ಲ. ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡವೇ ಜಾರಿ, ರಸ್ತೆಯನ್ನು ದಾಟಿ ಗಂಗಾವಳಿ ನದಿಯವರೆಗೆ ಹರಿಯಿತು. ಮೂರು ವಾರಗಳೊಳಗೆ ನಡೆದ ಈ ಮೂರರಲ್ಲಿ ಒಂದು ಗೋಡೆ, ಒಂದು ಕಟ್ಟಡದ ಅಗೆತ, ಒಂದು ಹೆದ್ದಾರಿಯ ಗುಡ್ಡ. ಗಾತ್ರದಲ್ಲಿ ಅಗಾಧ ವ್ಯತ್ಯಾಸವಿದ್ದರೂ ಮೂರೂ ಕಡೆ ಮನುಷ್ಯನು ಕಡಿದ ಅಥವಾ ಕಟ್ಟಿದ ಅಂಚೊಂದಿತ್ತು, ಮತ್ತು ಅದು ಮಳೆಗಾಲವಾಗಿತ್ತು.

ಬೇಸಿಗೆಯಲ್ಲಿ ನಿಂತ ಬರೆ ಮಳೆಗಾಲದಲ್ಲಿ ಏಕೆ ನಿಲ್ಲುವುದಿಲ್ಲ?

ಒಣ ಮರಳನ್ನು ರಾಶಿ ಹಾಕಿದರೆ ಅದು ಸುಮಾರು 30ರಿಂದ 35 ಡಿಗ್ರಿ ಇಳಿಜಾರಿಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಕಡಿದಾಗಿ ನಿಲ್ಲದು. ಮರಳಿನ ಕಣಗಳನ್ನು ಹಿಡಿದಿಡುವುದು ಪರಸ್ಪರ ಘರ್ಷಣೆ ಮಾತ್ರ. ಜೇಡಿಯಂಶವಿರುವ ಮಣ್ಣಿನಲ್ಲಿ ಘರ್ಷಣೆಯ ಜೊತೆಗೆ ಅಂಟು ಗುಣವೂ ಇರುವುದರಿಂದ ಅದು ಕೆಲಕಾಲ ಗೋಡೆಯಂತೆ ನೆಟ್ಟಗೆ ನಿಲ್ಲಬಲ್ಲದು. ಈ ಅಂಟಿನ ಒಂದು ಪಾಲು ನಿಜವಾದದ್ದು. ಇನ್ನೊಂದು ಪಾಲು ಕಣಗಳ ನಡುವೆ ಇರುವ ಅಲ್ಪ ತೇವಾಂಶದ ಎಳೆತದಿಂದ ಬಂದದ್ದು. ಕಡಲತೀರದಲ್ಲಿ ಮಕ್ಕಳು ಒದ್ದೆ ಮರಳಿನಿಂದ ಗೋಪುರ ಕಟ್ಟುವುದು ಇದೇ ಎಳೆತದ ಬಲದಿಂದ. ಅಲೆ ಬಂದು ಮರಳು ಪೂರ್ತಿ ನೀರು ಕುಡಿದೊಡನೆ ಆ ಎಳೆತ ಇಲ್ಲವಾಗಿ ಗೋಪುರ ಕುಸಿಯುತ್ತದೆ. ಮೇ ತಿಂಗಳಲ್ಲಿ ಜೆಸಿಬಿಯಿಂದ ಕಡಿದ ಬರೆ ಜುಲೈಯಲ್ಲಿ ಕುಸಿಯುವುದಕ್ಕೆ ಕಾರಣ ಇದೇ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ವಿಶೇಷ ಕಾರಣವೂ ಸೇರುತ್ತದೆ. ಇಲ್ಲಿಯ ಮೇಲ್ಪದರವು ಬಹುಮಟ್ಟಿಗೆ ಕೆಂಪುಕಲ್ಲು, ಅಂದರೆ ಜಂಬಿಟ್ಟಿಗೆ. ನೆಲದೊಳಗೆ ಮೃದುವಾಗಿದ್ದು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುವ ಗುಣ ಅದಕ್ಕಿದೆ. ಕೆಂಪುಕಲ್ಲಿನ ಕೋರೆಗಳೂ ಹಳೆಯ ಬಾವಿಗಳೂ ಯಾವ ಆಧಾರವಿಲ್ಲದೆ ದಶಕಗಳ ಕಾಲ ನೆಟ್ಟಗೆ ನಿಂತಿರುವುದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಊರಿನ ಮಣ್ಣು ನೆಟ್ಟಗೆ ಕಡಿದರೂ ನಿಲ್ಲುತ್ತದೆ ಎಂಬ ನಂಬಿಕೆ ಬೆಳೆದಿರುವುದು ಇದರಿಂದಲೇ. ಆದರೆ ಕೆಂಪುಕಲ್ಲಿನ ಪದರದ ಕೆಳಗೆ ಅನೇಕ ಕಡೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ನುಣುಪಾದ ಮಣ್ಣಿದೆ. ಇದನ್ನೇ ನಾವು ಶೇಡಿ ಮಣ್ಣು ಎನ್ನುತ್ತೇವೆ. ಒಣಗಿದಾಗ ಗುದ್ದಲಿಗೂ ಜಗ್ಗದಷ್ಟು ಗಟ್ಟಿಯಾಗಿರುವ ಇದು ನೀರು ಕುಡಿದಾಗ ತನ್ನ ಬಲದ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಎರಡು ಮೀಟರ್ ಕಡಿದಾಗ ಕೆಂಪುಕಲ್ಲು ಮಾತ್ರ ಕಾಣಿಸಿಕೊಂಡ ನಿವೇಶನದಲ್ಲಿ ನಾಲ್ಕು ಮೀಟರ್ ಕಡಿದಾಗ ಬುಡದಲ್ಲಿ ಶೇಡಿ ತೆರೆದುಕೊಳ್ಳಬಹುದು. ಬುಡದ ಶೇಡಿ ಕರಗಿ ಹರಿದರೆ ಮೇಲಿನ ಗಟ್ಟಿ ಕಲ್ಲು ಹಾಸುಗಲ್ಲಿನಂತೆ ಮುರಿದು ಬೀಳುತ್ತದೆ. ಆದುದರಿಂದ ಕಡಿದ ಬರೆಯಲ್ಲಿ ಬಣ್ಣ ಬದಲಾದೊಡನೆ ಕೆಲಸ ನಿಲ್ಲಿಸಿ ಎಂಜಿನಿಯರರನ್ನು ಕರೆಸಬೇಕು ಎಂಬುದು ನಾನು ನಿಮ್ಮಲ್ಲಿ ಮಾಡುವ ಮೊದಲ ವಿನಂತಿ.

ಗೋಡೆಯ ಮೇಲೆ ಬೀಳುವ ಭಾರ

ಇಲ್ಲಿ ಸ್ವಲ್ಪ ಲೆಕ್ಕ ಅನಿವಾರ್ಯ. ಮಣ್ಣನ್ನು ತಡೆಯುವ ಗೋಡೆಯ ಮೇಲೆ ಬೀಳುವ ಒತ್ತಡವು ಎತ್ತರಕ್ಕೆ ತಕ್ಕಂತೆ ನೇರವಾಗಿ ಏರುವುದಿಲ್ಲ, ಎತ್ತರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗೋಡೆಯ ಎತ್ತರ ಒಂದೂವರೆ ಮೀಟರಿನಿಂದ ಮೂರು ಮೀಟರಿಗೆ ಏರಿದರೆ ಅದನ್ನು ತಳ್ಳುವ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಪಕ್ಕದವರ ಐದು ಅಡಿ ಗೋಡೆ ನಿಂತಿದೆ, ಅದೇ ದಪ್ಪದಲ್ಲಿ ಹತ್ತು ಅಡಿ ಕಟ್ಟೋಣ ಎಂಬ ತೀರ್ಮಾನ ಎಷ್ಟು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ನೀರಿನ ಲೆಕ್ಕ. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ಸಾಧಾರಣ ಮಣ್ಣು ನೀರಿಲ್ಲದೆ ಇದ್ದರೆ, ಗೋಡೆಯ ಪ್ರತಿ ಒಂದು ಮೀಟರ್ ಉದ್ದದ ಮೇಲೆ ಸುಮಾರು 2.7 ಟನ್ ಬಲ ಬೀಳುತ್ತದೆ. ಅದೇ ಮಣ್ಣಿನಲ್ಲಿ ಗೋಡೆಯ ತುದಿಯವರೆಗೂ ನೀರು ತುಂಬಿ ನಿಂತರೆ ಆ ಬಲ ಸುಮಾರು 5.8 ಟನ್‌ಗೆ ಏರುತ್ತದೆ. ಇದರಲ್ಲಿ ಸುಮಾರು 4.5 ಟನ್ ನೀರೊಂದರ ಪಾಲು. ಅಂದರೆ ಗೋಡೆಯನ್ನು ಬೀಳಿಸುವಲ್ಲಿ ಮಣ್ಣಿಗಿಂತ ನೀರಿನ ಪಾತ್ರವೇ ದೊಡ್ಡದು. ಗೋಡೆಯನ್ನು ಎರಡು ಪಟ್ಟು ದಪ್ಪ ಮಾಡುವುದಕ್ಕಿಂತ ಅದರ ಹಿಂದಿನ ನೀರಿಗೆ ಹೊರಹೋಗಲು ದಾರಿ ಕೊಡುವುದು ಅಗ್ಗವೂ ಹೌದು, ಹೆಚ್ಚು ಪರಿಣಾಮಕಾರಿಯೂ ಹೌದು. ಈ ಉಪನ್ಯಾಸದಿಂದ ಒಂದೇ ಒಂದು ಸಂಗತಿಯನ್ನು ತಾವು ಮನೆಗೆ ಕೊಂಡೊಯ್ಯುವುದಾದರೆ ಅದು ಇದೇ ಆಗಿರಲಿ.

ಆ ನೀರು ಎಲ್ಲಿಂದ ಬರುತ್ತದೆ? ನಮ್ಮ ಜಿಲ್ಲೆಯ ವಾರ್ಷಿಕ ಮಳೆ 3,500 ಮಿಲಿಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 100 ಚದರ ಮೀಟರಿನ ಒಂದು ಛಾವಣಿಯಿಂದಲೇ 10,000 ಲೀಟರ್ ನೀರು ಇಳಿಯುತ್ತದೆ. ಆ ಛಾವಣಿ ಬರೆಯ ಮೇಲಿರುವ ಮನೆಯದಾಗಿದ್ದು ನೀರು ಅಂಗಳದಲ್ಲಿಯೇ ಇಂಗಿದರೆ, ಕೆಳಗಿನ ಮನೆಯ ಹಿಂದಿನ ಬರೆ ಅದನ್ನು ಹೊರಬೇಕಾಗುತ್ತದೆ. ಸ್ನಾನಗೃಹದ ನೀರಿನ ಗುಂಡಿ, ಶೌಚಾಲಯದ ಗುಂಡಿ, ಸೋರುವ ನಲ್ಲಿಯ ಕೊಳವೆ ಇವೆಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕಾಗಿದೆ. ಅಂತರ್ಜಲ ವೃದ್ಧಿಗಾಗಿ ಇಂಗುಗುಂಡಿಗಳನ್ನು ನಿರ್ಮಿಸಲು ನಾವೇ ಪ್ರೋತ್ಸಾಹ ನೀಡುತ್ತಿದ್ದೇವೆ. ಅದು ಒಳ್ಳೆಯ ಕಾರ್ಯ. ಆದರೆ ಮನೆಗಳ ಹಿಂದಿರುವ ಕಡಿದ ಬರೆಯ ನೆತ್ತಿಯಲ್ಲಿ ಇಂಗುಗುಂಡಿ ಸಲ್ಲದು. ನೀರಿಂಗಿಸುವ ಸ್ಥಳದ ಆಯ್ಕೆಯಲ್ಲಿ ಕೆಳಗೆ ಯಾರು ವಾಸವಾಗಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಇಳಿಜಾರನ್ನು ಭದ್ರಪಡಿಸುವ ಕ್ರಮ

ಭದ್ರಪಡಿಸುವುದೆಂದರೆ ಗೋಡೆ ಕಟ್ಟುವುದು ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಗೋಡೆಯು ನಾಲ್ಕನೆಯ ಹೆಜ್ಜೆ.

ಮೊದಲನೆಯದು, ಕಡಿಯುವುದನ್ನು ತಗ್ಗಿಸುವುದು. ಇಡೀ ನಿವೇಶನವನ್ನು ಒಂದೇ ಮಟ್ಟಕ್ಕೆ ತರುವ ಬದಲು ಮನೆಯನ್ನು ಎರಡು ಮಟ್ಟಗಳಲ್ಲಿ ಕಟ್ಟಿದರೆ ಬರೆಯ ಎತ್ತರ ಅರ್ಧಕ್ಕೆ ಇಳಿಯುತ್ತದೆ. ಒತ್ತಡವು ಈಗಾಗಲೇ ಹೇಳಿದ ಲೆಕ್ಕದಂತೆ ಕಾಲು ಭಾಗಕ್ಕೆ ಇಳಿಯುತ್ತದೆ.

ಎರಡನೆಯದು, ಇಳಿಜಾರು ಕೊಡುವುದು. ನೆಟ್ಟಗೆ ಕಡಿಯುವ ಬದಲು ಸಾಧಾರಣ ಗಟ್ಟಿ ಮಣ್ಣಿನಲ್ಲಿ ಎತ್ತರದಷ್ಟೇ ಹಿಂದಕ್ಕೆ ಓರೆ ಮಾಡಬೇಕು. ಸಡಿಲ ಮಣ್ಣು ಅಥವಾ ಶೇಡಿ ಇದ್ದಲ್ಲಿ ಅದಕ್ಕಿಂತಲೂ ಹೆಚ್ಚು ಓರೆ ಬೇಕು. ಎತ್ತರ ಹೆಚ್ಚಾಗಿದ್ದರೆ ಮೆಟ್ಟಿಲುಗಳಂತೆ ಹಂತ ಹಂತವಾಗಿ ಕಡಿದು, ಪ್ರತಿ ಹಂತದಲ್ಲಿಯೂ ನೀರು ಒಳಮುಖವಾಗಿ ಹರಿದು ಬದಿಯ ಚರಂಡಿಗೆ ಸೇರುವಂತೆ ಮಾಡಬೇಕು.

ಮೂರನೆಯದು, ನೀರನ್ನು ದೂರವಿಡುವುದು. ಬರೆಯ ನೆತ್ತಿಯಿಂದ ತುಸು ಹಿಂದೆ ಅಡ್ಡ ಚರಂಡಿ ತೋಡಿ, ತಳದಲ್ಲಿ ನೀರು ಇಂಗದಂತೆ ಕಲ್ಲು ಅಥವಾ ಕಾಂಕ್ರೀಟ್ ಹಾಸಿ, ನೀರನ್ನು ಸುರಕ್ಷಿತ ತೋಡಿನವರೆಗೆ ಕೊಂಡೊಯ್ಯಬೇಕು. ಹಾಸು ಇಲ್ಲದ ಚರಂಡಿಯು ನೀರನ್ನು ಒಯ್ಯುವ ಬದಲು ಬರೆಯೊಳಗೆ ಇಂಗಿಸುತ್ತದೆ. ಅದು ಇಲ್ಲದಿರುವುದೇ ಮೇಲು.

ನಾಲ್ಕನೆಯದು, ತಡೆಗೋಡೆ. ಕಲ್ಲಿನ ತಡೆಗೋಡೆ ತನ್ನ ತೂಕದಿಂದ ಮಣ್ಣನ್ನು ತಡೆಯುತ್ತದೆ. ಅದರ ಬುಡದ ಅಗಲವು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು ಎಂಬುದು ಸ್ಥೂಲ ನಿಯಮ. ಅಂದರೆ ಮೂರು ಮೀಟರ್ ಎತ್ತರದ ಕಲ್ಲಿನ ಗೋಡೆಗೆ ಕನಿಷ್ಠ ಒಂದೂವರೆ ಮೀಟರ್ ಬುಡ ಬೇಕು. ಒಂದು ಕೆಂಪುಕಲ್ಲಿನ ದಪ್ಪದ ಆವರಣ ಗೋಡೆಯ ಹಿಂದೆ ಮಣ್ಣು ತುಂಬಿಸಿ ಅದನ್ನೇ ತಡೆಗೋಡೆ ಎಂದು ಭಾವಿಸುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಆವರಣ ಗೋಡೆಯು ದನಕರುಗಳನ್ನು ತಡೆಯಲು ಕಟ್ಟಿದ್ದು, ಮಣ್ಣನ್ನು ತಡೆಯಲು ಅಲ್ಲ. ತಡೆಗೋಡೆ ಯಾವ ಬಗೆಯದಾದರೂ ಅದರಲ್ಲಿ ನೀರು ಹೊರಹೋಗುವ ರಂಧ್ರಗಳು ಮೀಟರ್ ಒಂದೂವರೆ ಮೀಟರ್ ಅಂತರದಲ್ಲಿ ಇರಬೇಕು, ಹೊರಕ್ಕೆ ಓರೆಯಾಗಿರಬೇಕು. ಗೋಡೆಯ ಹಿಂದೆ ಒಂದು ಅಡಿಗೆ ಕಡಿಮೆಯಿಲ್ಲದಂತೆ ಜಲ್ಲಿಯ ಪದರವಿರಬೇಕು. ಜಲ್ಲಿಯಿಲ್ಲದೆ ಬರಿಯ ಕೊಳವೆ ಇಟ್ಟರೆ ಒಂದೆರಡು ಮಳೆಗಾಲದಲ್ಲಿ ಅದು ಮಣ್ಣಿನಿಂದ ಮುಚ್ಚಿಹೋಗುತ್ತದೆ. ತಂತಿಬಲೆಯ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ಪೇರಿಸುವ ಗೇಬಿಯನ್ ಗೋಡೆಯಲ್ಲಿ ನೀರು ತಾನಾಗಿಯೇ ಸೋಸಿ ಹೊರಬರುತ್ತದೆ. ಬುಡ ತುಸು ಕುಸಿದರೂ ಅದು ಬಿರುಕು ಬಿಡದೆ ಹೊಂದಿಕೊಳ್ಳುತ್ತದೆ. ತೋಡಿನ ಬದಿಗೂ ರಸ್ತೆಯ ಬದಿಗೂ ಇದು ನಮಗೆ ಒಪ್ಪುವ ವಿಧಾನ.

ಹೆದ್ದಾರಿಗಳಲ್ಲಿ ಮಣ್ಣಿಗೆ ಮೊಳೆ ಹೊಡೆಯುವ ವಿಧಾನವನ್ನು ನೀವು ನೋಡಿರಬಹುದು. ಬರೆಯೊಳಗೆ ತುಸು ಕೆಳಮುಖವಾಗಿ ರಂಧ್ರ ಕೊರೆದು, ಉಕ್ಕಿನ ಸರಳು ಸೇರಿಸಿ, ಸಿಮೆಂಟಿನ ತಿಳಿಗಾರೆ ತುಂಬಿ, ಮೇಲ್ಮೈಗೆ ಬಲೆ ಹೊದಿಸಿ ಕಾಂಕ್ರೀಟ್ ಸಿಂಪಡಿಸುತ್ತಾರೆ. 1972ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ರೈಲುಮಾರ್ಗದ ಬದಿಯಲ್ಲಿ ಮೊದಲಿಗೆ ಬಳಕೆಗೆ ಬಂದ ವಿಧಾನವಿದು. ಇದರ ವೈಶಿಷ್ಟ್ಯವೆಂದರೆ ಮೇಲಿನಿಂದ ಕೆಳಕ್ಕೆ ಒಂದೆರಡು ಮೀಟರಿನಂತೆ ಕಡಿಯುತ್ತಾ, ಕಡಿದಷ್ಟನ್ನು ಭದ್ರಪಡಿಸಿದ ನಂತರವೇ ಮುಂದಿನ ಹಂತಕ್ಕೆ ಹೋಗುವುದು. ಇದು ಗ್ರಾಮ ಪಂಚಾಯತ್‌ನ ಅನುದಾನಕ್ಕೆ ನಿಲುಕದಿರಬಹುದು, ಆದರೆ ಅದರ ಕ್ರಮವನ್ನು ನಾವೂ ಅನುಸರಿಸಬಹುದು. ಪೂರ್ತಿ ಬರೆಯನ್ನು ಕಡಿದು ಬಿಟ್ಟು, ಹಣ ಒದಗಿದಾಗ ಗೋಡೆ ಕಟ್ಟೋಣ ಎಂದರೆ ನಡುವೆ ಒಂದು ಮಳೆಗಾಲ ಬಂದೇ ಬರುತ್ತದೆ.

ಐದನೆಯದು, ಮೇಲ್ಮೈಗೆ ಹಸಿರು ಹೊದಿಕೆ. ಲಾವಂಚದ ಬೇರು ಎರಡು ಮೂರು ಮೀಟರ್ ಆಳಕ್ಕೆ ನೇರವಾಗಿ ಇಳಿಯುತ್ತದೆ. ಓರೆ ಮಾಡಿದ ಇಳಿಜಾರಿಗೆ ಅಡ್ಡಲಾಗಿ ಸಾಲುಗಳಲ್ಲಿ ನೆಟ್ಟು, ಬೇರೂರುವವರೆಗೆ ತೆಂಗಿನ ನಾರಿನ ಬಲೆ ಹೊದಿಸಿದರೆ ಮಣ್ಣಿನ ಸವಕಳಿ ತಗ್ಗುತ್ತದೆ. ಆದರೆ ನೆಟ್ಟಗೆ ಕಡಿದ ನಾಲ್ಕು ಮೀಟರ್ ಬರೆಯನ್ನು ಹುಲ್ಲಿನ ಬೇರು ಹಿಡಿದಿಡಲಾರದು. ಹಸಿರು ಹೊದಿಕೆಯು ಮೊದಲ ನಾಲ್ಕು ಹೆಜ್ಜೆಗಳಿಗೆ ಪೂರಕವೇ ಹೊರತು ಬದಲಿಯಲ್ಲ.

ಕಂದಕದೊಳಗಿನ ಕಾರ್ಮಿಕರು

ಇನ್ನು ಅಗೆತದ ವಿಷಯ. ಒಂದು ಘನ ಮೀಟರ್ ಮಣ್ಣಿನ ತೂಕ ಸುಮಾರು 1.8 ಟನ್. ಸೊಂಟದವರೆಗೆ ಹೂತವರನ್ನೇ ಎಳೆದು ಹೊರತೆಗೆಯುವುದು ಕಷ್ಟ. ಎದೆಯವರೆಗೆ ಮಣ್ಣು ಬಿದ್ದರೆ ತಲೆ ಹೊರಗಿದ್ದರೂ ಉಸಿರಾಟ ನಿಲ್ಲಬಹುದು. ಕಂದಕ ಕುಸಿಯಲು ಬೇಕಾಗುವುದು ಕ್ಷಣಮಾತ್ರ, ಓಡಲು ಅವಕಾಶವಿರುವುದಿಲ್ಲ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆಯಲ್ಲಿ ಇದರ ಬಗ್ಗೆ ಸ್ಪಷ್ಟ ನಿಯಮಗಳಿವೆ. 1.2 ಮೀಟರ್ ಅಥವಾ ಅದಕ್ಕಿಂತ ಆಳದ ಕಂದಕದಲ್ಲಿ ಪ್ರತಿ 30 ಮೀಟರ್ ಉದ್ದಕ್ಕೆ ಕನಿಷ್ಠ ಒಂದು ಏಣಿ ಇರಬೇಕು, ಅದು ನೆಲಮಟ್ಟದಿಂದ 90 ಸೆಂಟಿಮೀಟರ್ ಮೇಲಕ್ಕೆ ಚಾಚಿರಬೇಕು. 1.5 ಮೀಟರ್ ಅಥವಾ ಅದಕ್ಕಿಂತ ಆಳವಿದ್ದರೆ ಬದಿಗಳನ್ನು ಓರೆ ಮಾಡಬೇಕು, ಇಲ್ಲವೆ ಮರದ ಹಲಗೆ ಮತ್ತು ಅಡ್ಡತೊಲೆಗಳಿಂದ ಭದ್ರವಾಗಿ ಆನಿಸಬೇಕು. ಅಗೆದ ಮಣ್ಣನ್ನು ಅಂಚಿನಿಂದ 1.5 ಮೀಟರ್ ಅಥವಾ ಕಂದಕದ ಆಳದ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ದೂರದಲ್ಲಿ ಹಾಕಬೇಕು. ರಸ್ತೆ ಕಿರಿದಾಗಿದೆಯೆಂದು ಮಣ್ಣನ್ನು ಅಂಚಿನಲ್ಲಿಯೇ ಪೇರಿಸುವುದು, ಅದರ ಪಕ್ಕದಲ್ಲಿ ಜೆಸಿಬಿ ನಿಲ್ಲಿಸುವುದು, ಕೆಳಗೆ ಇಬ್ಬರು ಕೊಳವೆ ಜೋಡಿಸುತ್ತಿರುವುದು: ಈ ದೃಶ್ಯ ಕಂಡರೆ ಕೆಲಸ ನಿಲ್ಲಿಸಲು ಸೂಚಿಸಿ, ಕೂಡಲೇ ನಮಗೂ ಸಂಬಂಧಪಟ್ಟ ಎಂಜಿನಿಯರರಿಗೂ ತಿಳಿಸಿರಿ.

ಹಲಗೆಗಳನ್ನು ಆನಿಸುವ ಕೆಲಸವನ್ನು ಗುತ್ತಿಗೆದಾರರು ಏಕೆ ಮಾಡುವುದಿಲ್ಲ ಎಂದು ಕೇಳಿದರೆ ಉತ್ತರ ಸರಳವಾಗಿದೆ. ಅಂದಾಜು ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಬಾಬತ್ತು ಇಲ್ಲದಿದ್ದರೆ ಆ ವೆಚ್ಚವನ್ನು ಯಾರೂ ಭರಿಸುವುದಿಲ್ಲ. ಆದ್ದರಿಂದ ಕಾಮಗಾರಿಯ ಅಂದಾಜು ಪಟ್ಟಿ ಸಭೆಯ ಮುಂದೆ ಬಂದಾಗ, ಅಗೆತದ ಆಳ ಎಷ್ಟು, 1.5 ಮೀಟರ್ ಮೀರಿದ್ದರೆ ಆನಿಕೆಗೆ ಮೊತ್ತ ಇರಿಸಲಾಗಿದೆಯೇ ಎಂದು ಕೇಳುವುದು ಸದಸ್ಯರ ಹಕ್ಕು. ಆ ಪ್ರಶ್ನೆ ಸಭೆಯ ನಡವಳಿ ಪುಸ್ತಕದಲ್ಲಿ ದಾಖಲಾಗಲಿ.

ಒಂದು ವೇಳೆ ಕುಸಿತ ಸಂಭವಿಸಿದರೆ ರಕ್ಷಿಸಲೆಂದು ಇತರರು ಕಂದಕಕ್ಕೆ ಧುಮುಕಬಾರದು; ಎರಡನೆಯ ಕುಸಿತಕ್ಕೆ ಬಲಿಯಾಗುವವರು ಅವರೇ. ಯಂತ್ರದ ಬಕೆಟ್‌ನಿಂದ ಮಣ್ಣು ತೋಡಬಾರದು. 112ಕ್ಕೆ ಕರೆ ಮಾಡಿ, ಅಂಚಿನಿಂದ ಜನರನ್ನೂ ವಾಹನಗಳನ್ನೂ ದೂರ ಸರಿಸಬೇಕು.

ನಮ್ಮ ಅಧಿಕಾರ ಮತ್ತು ನಮ್ಮ ಮಿತಿ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೆಯ ಪ್ರಕರಣವು ಕಟ್ಟಡ ನಿರ್ಮಾಣವನ್ನು ನಿಯಂತ್ರಿಸುವ ಅಧಿಕಾರವನ್ನು ಗ್ರಾಮ ಪಂಚಾಯತ್‌ಗೆ ನೀಡಿದೆ. ಅರ್ಜಿಯೊಂದಿಗೆ ಬರುವ ನಕ್ಷೆಯಲ್ಲಿ ಕೋಣೆಗಳ ಅಳತೆ ಇರುತ್ತದೆ, ಹಿಂದಿನ ಬರೆಯ ಎತ್ತರ ಇರುವುದಿಲ್ಲ. ಇಳಿಜಾರು ನಿವೇಶನವಾದರೆ ಬರೆಯ ಎತ್ತರ, ಮನೆಗೂ ಬರೆಯ ಬುಡಕ್ಕೂ ಇರುವ ಅಂತರ ಮತ್ತು ಮಳೆನೀರು ಹೋಗುವ ದಾರಿ, ಈ ಮೂರನ್ನು ನಕ್ಷೆಯಲ್ಲಿ ತೋರಿಸಲು ಅರ್ಜಿದಾರರಿಗೆ ತಿಳಿಸೋಣ. ಬರೆ ಮೂರು ಮೀಟರ್ ಮೀರಿದರೆ ಎಂಜಿನಿಯರರ ಸ್ಥಳ ಪರಿಶೀಲನೆಯ ನಂತರವೇ ಮುಂದುವರಿಯೋಣ.

ಇದಕ್ಕೆ ಬರುವ ಆಕ್ಷೇಪವನ್ನು ನಾನು ಬಲ್ಲೆ. ಐದು ಸೆಂಟ್ಸ್ ಜಾಗದಲ್ಲಿ ಸಾಲ ಮಾಡಿ ಮನೆ ಕಟ್ಟುವವರಿಗೆ ಒಂದೂವರೆ ಮೀಟರ್ ಬುಡದ ಗೋಡೆಗೆ ಸ್ಥಳವೂ ಇಲ್ಲ, ಹಣವೂ ಇಲ್ಲ. ಇದು ಸತ್ಯ. ಸಮತಟ್ಟು ಜಾಗ ಉಳ್ಳವರ ಪಾಲಾಗಿ, ಗುಡ್ಡದ ಬದಿ ಇಲ್ಲದವರ ಪಾಲಿಗೆ ಬಂದಿರುವುದೂ ಸತ್ಯ. ಆದ್ದರಿಂದಲೇ ಷರತ್ತು ವಿಧಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನಿವೇಶನ ಹಂಚಿಕೆಗೆ ಜಾಗ ಗುರುತಿಸುವಾಗಲೇ ಇಳಿಜಾರನ್ನು ಪರಿಗಣಿಸುವುದು, ಒಂದು ಸಾಲಿನ ಮನೆಗಳಿಗೆಲ್ಲ ಸೇರಿ ಒಂದೇ ಸಾರ್ವಜನಿಕ ಚರಂಡಿಯನ್ನು ಕ್ರಿಯಾ ಯೋಜನೆಯಲ್ಲಿ ಸೇರಿಸುವುದು, ಮೇಲಿನ ಮನೆಯವರ ಛಾವಣಿಯ ನೀರನ್ನು ಕೊಳವೆಯ ಮೂಲಕ ಕೆಳಗಿಳಿಸಲು ಇಬ್ಬರನ್ನೂ ಕೂರಿಸಿ ಒಪ್ಪಿಸುವುದು, ಇವು ಪಂಚಾಯತ್ ಮಾಡಬಹುದಾದ ಕೆಲಸಗಳು. ನೆರೆಹೊರೆಯ ಈ ಮಾತುಕತೆಯಲ್ಲಿ ಅಧಿಕಾರಿಗಿಂತ ವಾರ್ಡ್ ಸದಸ್ಯರ ಮಾತಿಗೆ ಹೆಚ್ಚು ಬೆಲೆಯಿದೆ.

ಮೊದಲ ಮಳೆಗೆ ಮುನ್ನ

ಮೇ ತಿಂಗಳ ಅಂತ್ಯದೊಳಗೆ ಪ್ರತಿ ವಾರ್ಡಿನಲ್ಲಿಯೂ ಬರೆಯ ಬುಡದ ಮನೆಗಳನ್ನು ಒಮ್ಮೆ ನೋಡಿ ಪಟ್ಟಿ ಮಾಡಬೇಕೆಂದು ಕೋರುತ್ತೇನೆ. ಬರೆಯ ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಇದೆಯೇ? ತಡೆಗೋಡೆ ಹೊಟ್ಟೆ ಉಬ್ಬಿದಂತೆ ಮುಂದಕ್ಕೆ ಬಾಗಿದೆಯೇ? ಮರ ಅಥವಾ ವಿದ್ಯುತ್ ಕಂಬ ವಾಲಿದೆಯೇ? ಗೋಡೆಯ ರಂಧ್ರಗಳು ಮುಚ್ಚಿಹೋಗಿವೆಯೇ? ಮಳೆ ಆರಂಭವಾದ ನಂತರ ಹೊಸ ಜಾಗದಲ್ಲಿ ಒರತೆ ಮೂಡಿದೆಯೇ? ತಿಳಿಯಾಗಿ ಬರುತ್ತಿದ್ದ ನೀರು ಕೆಸರಾಗಿದೆಯೇ? ಮನೆಯ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದೆಯೇ? ಇವುಗಳಲ್ಲಿ ಒಂದು ಕಂಡರೂ ತಹಶೀಲ್ದಾರರಿಗೂ ಪಂಚಾಯತ್ ಕಚೇರಿಗೂ ತಿಳಿಸಿ, ಆ ಕುಟುಂಬವನ್ನು ಮಳೆಯ ರಾತ್ರಿಗಳಲ್ಲಿ ಬೇರೆಡೆ ಉಳಿಸಬೇಕು. ಬಿರುಕಿಗೆ ಟಾರ್ಪಾಲು ಹೊದಿಸಿ, ಮೇಲಿನಿಂದ ಹರಿದುಬರುವ ನೀರನ್ನು ಬೇರೆಡೆಗೆ ತಿರುಗಿಸಬೇಕು. ಜಾರಿ ಬಿದ್ದ ಮಣ್ಣನ್ನು ಅವಸರದಿಂದ ಬುಡದಿಂದ ಕೆರೆದು ತೆಗೆಯಬಾರದು. ಆ ಮಣ್ಣೇ ಉಳಿದ ಬರೆಗೆ ಆಧಾರವಾಗಿರುವ ಸಂಭವ ಹೆಚ್ಚು.

ಕೊನೆಯದಾಗಿ, ಮುಂದಿನ ಸಾಮಾನ್ಯ ಸಭೆಯಲ್ಲಿ ಮೂರು ನಿರ್ಣಯಗಳನ್ನು ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ. ಇಳಿಜಾರು ನಿವೇಶನಗಳ ನಕ್ಷೆಯಲ್ಲಿ ಬರೆಯ ಎತ್ತರ ಮತ್ತು ನೀರಿನ ದಾರಿ ಕಡ್ಡಾಯವಾಗಿರಲಿ. ಒಂದೂವರೆ ಮೀಟರ್ ಮೀರಿದ ಅಗೆತಕ್ಕೆ ಅಂದಾಜು ಪಟ್ಟಿಯಲ್ಲಿ ಆನಿಕೆಯ ಬಾಬತ್ತು ಇರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುರ್ತು ಕೆಲಸದ ಹೊರತು ಹೊಸದಾಗಿ ಗುಡ್ಡ ಕಡಿಯುವುದಕ್ಕೆ ಅವಕಾಶವಿಲ್ಲದಿರಲಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಅನುದಾನ ಬೇಕಾಗಿಲ್ಲ. ಸಭೆಯಲ್ಲಿ ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿದರೆ ಸಾಕು. ಕರಡು ನಿರ್ಣಯದ ಪ್ರತಿಯನ್ನು ಕಾರ್ಯಾಗಾರದ ಕಡತದಲ್ಲಿ ಇರಿಸಲಾಗಿದೆ. ತಮ್ಮ ಊರಿನ ಸ್ಥಿತಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.